ಕಂಠ ಹೋದ ಮೇಲಿನ ಕೀರ್ತನೆ



ಕ್ಯೋಟೊ ನಗರದ ಉತ್ತರಕ್ಕಿರುವ ಓಹಾರಾವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅಲ್ಲಿನ ಬೌದ್ಧ ದೇವಾಲಯಗಳ ಮಂತ್ರಗಾನಕ್ಕೆ ‘ಶೋಮ್ಯೋ’ ಎಂದು ಹೆಸರು. ನಮ್ಮ ‘ಶಬ್ದವಿದ್ಯಾ’ ಎಂಬ ಮಾತೇ ಚೀನೀ ಭಾಷೆಗೆ ಅನುವಾದವಾಗಿ ಇಲ್ಲಿಗೆ ಬಂದದ್ದು. ರ್‍ಯೋನಿನ್ (1073–1132) ಎಂಬ ಭಿಕ್ಷುಗಳು ಅಲ್ಲಿನ ಜಲಪಾತದೆದುರು ಸಾಧನೆ ಮಾಡುವಾಗ ನೀರಿನ ಸದ್ದು ಅವರ ಸ್ವರದಲ್ಲಿ ಲೀನವಾಗಿ ಕೇಳಿಸದೇ ಹೋಯಿತಂತೆ. ಅದಕ್ಕೇ ಅದು ‘ಓಟೊನಾಶಿ’, ಸದ್ದಿಲ್ಲದ ಜಲಪಾತ.

ಅಂಥ ಸ್ವರ ಹುಟ್ಟುವ ಜಾಗ ಎಷ್ಟು ಚಿಕ್ಕದು! ಶ್ವಾಸನಾಳದ ಮೇಲ್ತುದಿಯಲ್ಲೊಂದು ಮೃದ್ವಸ್ಥಿಯ ಪೆಟ್ಟಿಗೆ, ಅದರೊಳಗೆ ಎರಡು ಸ್ವರತಂತುಗಳು. ಕೆಳಗಿನಿಂದ ಬರುವ ಉಸಿರಿಗೆ ಅವು ತೆರೆದು ಮುಚ್ಚುತ್ತವೆ. ಹಾರ್ಮೋನಿಯಂನ ಬಿಳಿ ಒಂದಕ್ಕೆ ಗಂಡಸರು ಷಡ್ಜ ಹಿಡಿದರೆ ಸೆಕೆಂಡಿಗೆ ಸುಮಾರು 130 ಸಲ. ತಾರ ಷಡ್ಜಕ್ಕೆ ಅದರ ಎರಡರಷ್ಟು. ತಂತುಗಳು ಬಿಗಿದಷ್ಟೂ ಸ್ವರ ಏರುತ್ತದೆ. ಆದರೆ ಅವು ಕೊಡುವುದು ಬರೀ ಝೇಂಕಾರ. ಅದನ್ನು ‘ರಾಮ’ ಎಂದಾಗಿಸುವುದು ಬಾಯಿ, ನಾಲಿಗೆ, ತುಟಿ. (ನಮ್ಮಂಥ ಎಂಜಿನಿಯರುಗಳ ಮಾತಿನಲ್ಲಿ ಒಂದು ಸಿಗ್ನಲ್, ಇನ್ನೊಂದು ಫಿಲ್ಟರ್.)

ಕ್ಯಾನ್ಸರ್‌ನಿಂದಾಗಿ ಆ ಪೆಟ್ಟಿಗೆಯನ್ನು ಪೂರ್ತಿ ತೆಗೆದರೆ ನಾಲಿಗೆ, ತುಟಿ ಉಳಿದಿರುತ್ತವೆ. ಆದರೆ ಶ್ವಾಸನಾಳವನ್ನು ಕತ್ತಿನ ಮುಂಭಾಗದ ರಂಧ್ರಕ್ಕೆ ಜೋಡಿಸುವುದರಿಂದ ಉಸಿರು ಬಾಯಿಗೆ ಬರುವುದಿಲ್ಲ. ಇಲ್ಲಿನ ಪ್ರಸಿದ್ಧ ಗಾಯಕ, ಸಂಗೀತ ನಿರ್ಮಾಪಕ ತ್ಸುಂಕು ಅವರಿಗೆ 2014ರಲ್ಲಿ ಹೀಗಾಯಿತು. 2015ರ ಏಪ್ರಿಲ್‌ನಲ್ಲಿ ತಾವು ಓದಿದ ಒಸಾಕಾದ ಕಿಂದೈ ವಿಶ್ವವಿದ್ಯಾಲಯದ ಪ್ರವೇಶ ಸಮಾರಂಭದ ವೇದಿಕೆಯಲ್ಲಿ ಮಾತಾಡದೆ ನಿಂತು, ಹೊಸ ವಿದ್ಯಾರ್ಥಿಗಳಿಗೆ ಹೇಳಬೇಕಾದ್ದನ್ನು ಪರದೆಯ ಮೇಲೆ ಅಕ್ಷರಗಳಲ್ಲಿ ತೋರಿಸಿದರು. ಹಾಡು ಕಟ್ಟುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ.

ಟೋಕಿಯೋದಲ್ಲಿ ‘ಗಿನ್‌ರೇಕಾಯ್’ ಎಂಬ ಸಂಘವಿದೆ. ಹೆಸರಿನ ಅರ್ಥ ಬೆಳ್ಳಿಗಂಟೆಯ ಸಂಘ. ಬಾಯಿಂದ ಗಾಳಿಯನ್ನು ಅನ್ನನಾಳಕ್ಕೆಳೆದು, ಹಿಂದಕ್ಕೆ ಬಿಟ್ಟು, ಅನ್ನನಾಳದ ಮೇಲ್ಭಾಗವನ್ನೇ ಕಂಪಿಸುವಂತೆ ಮಾಡಿ ಮಾತಾಡುವುದನ್ನು ಅಲ್ಲಿ ಕಲಿಸುತ್ತಾರೆ. ಕಲಿಸುವವರೂ ಧ್ವನಿಪೆಟ್ಟಿಗೆ ಕಳೆದುಕೊಂಡವರೇ. ಅನ್ನ ಇಳಿಯುವ ದಾರಿಯಲ್ಲೇ ಮಾತು ಏರಿ ಬರುತ್ತದೆ!

ನಮ್ಮ ಹಿರಿಯರು ವಾಕ್ಕನ್ನು ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂದು ನಾಲ್ಕಾಗಿ ಹೇಳಿದರು. ವೈದ್ಯರ ಕತ್ತಿಗೆ ಎಟಕುವುದು ಕೊನೆಯದೊಂದೇ. ಹಾಡುವವರಿಗೆ ಅದು ಸಣ್ಣ ನಷ್ಟವಲ್ಲ, ವೇದಾಂತ ಹೇಳಿ ಅದನ್ನು ಹಗುರ ಮಾಡಬಾರದು. ಆದರೆ ಪ್ರಹ್ಲಾದ ಒಂಬತ್ತು ಬಗೆಯ ಭಕ್ತಿಯನ್ನು ಎಣಿಸುವಾಗ ಮೊದಲು ಇಟ್ಟದ್ದು ಶ್ರವಣವನ್ನು. ಕೀರ್ತನೆ ಎರಡನೆಯದು, ಸ್ಮರಣೆ ಮೂರನೆಯದು. ಒಂಬತ್ತರಲ್ಲಿ ಗಂಟಲು ಬೇಡುವುದು ಒಂದೇ ಒಂದು.

ನಮ್ಮ ಭಜನೆಗೆ ಬರುತ್ತಿದ್ದ ಹಿರಿಯರೊಬ್ಬರು ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬರುವುದನ್ನೇ ಬಿಟ್ಟಿದ್ದಾರೆ. ಕರೆಯಲು ಹೋದವರಿಗೆ “ಬಂದು ಏನು ಮಾಡಲಿ?” ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ತಾಳ ಹಾಕಲು ಕಂಠ ಬೇಡವಲ್ಲ. ಬರುವ ಏಕಾದಶಿಯ ಭಜನೆಯಲ್ಲಿ ತಾಳ ಅವರ ಕೈಯಲ್ಲಿರಲಿ ಎಂದು ನಿಶ್ಚಯಿಸಿದ್ದೇವೆ. ಅವರು ಹಿಡಿದ ನಡೆಗೆ ನಾವು ಹಾಡೋಣ. ಎಲ್ಲರೂ ಹತ್ತು ನಿಮಿಷ ಮೊದಲೇ ಬನ್ನಿ.