ಯಾರದು?

ಕಳೆದ ಭಾನುವಾರ ಊಟಕ್ಕೆ ಕೂತಾಗ ತಂಗಿಯ ಮಗ ಕೇಳಿದ: “ಮಾಮ, ಒಬ್ಬ ಮನುಷ್ಯ ಮಾಯವಾಗಿಬಿಟ್ರೆ ರಾಡಾರ್‌ಗೆ ಸಿಗ್ತಾನಾ?” ಏಳನೇ ಕ್ಲಾಸಿನ ಹುಡುಗ. “ಸಿಗ್ತಾನೆ ಕಣೋ” ಎಂದು ಹೇಳಿ ಅನ್ನ ಕಲಸಿಕೊಂಡೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ರಾಡಾರ್ ರೇಡಿಯೋ ಅಲೆಯೊಂದನ್ನು ಕಳಿಸಿ, ಅದು ಏನಕ್ಕಾದರೂ ತಾಗಿ ವಾಪಸು ಬರಲೆಂದು ಕಾಯುತ್ತದೆ. ಹೋಗಿಬಂದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕಣ್ಣು ಏನನ್ನೂ ಕಳಿಸುವುದಿಲ್ಲ. ಬಂದ ಬೆಳಕನ್ನು ತೆಗೆದುಕೊಳ್ಳುತ್ತದೆ. ಅದೂ ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದದ ಅಲೆಗಳನ್ನು ಮಾತ್ರ. ರಾಡಾರಿನ ಅಲೆಗಳು ಮಿಲಿಮೀಟರುಗಳಿಂದ ಹಿಡಿದು ಮೀಟರುಗಳಷ್ಟು ಉದ್ದ.

ಎಚ್. ಜಿ. ವೆಲ್ಸ್ 1897ರಲ್ಲಿ ಬರೆದ ‘ದಿ ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯ ಗ್ರಿಫಿನ್ ತನ್ನ ದೇಹದ ವಕ್ರೀಭವನ ಸೂಚ್ಯಂಕವನ್ನು ಗಾಳಿಯದಕ್ಕೆ ಸಮ ಮಾಡಿಕೊಳ್ಳುತ್ತಾನೆ. ಬೆಳಕು ಬಾಗದೆ, ಹಿಂದಿರುಗದೆ ಅವನನ್ನು ಹಾದುಹೋಗುತ್ತದೆ. ಆದರೆ ಮನುಷ್ಯನ ಮೈಯಲ್ಲಿ ಅರ್ಧಕ್ಕೂ ಹೆಚ್ಚು ನೀರು. ನೀರಿಗಿಳಿದ ಬೆಳಕಿನ ವೇಗ ಸುಮಾರು ಮುಕ್ಕಾಲು ಭಾಗಕ್ಕೆ ಇಳಿದರೆ, ರಾಡಾರಿನ ಅನೇಕ ಅಲೆಗಳದ್ದು ಸುಮಾರು ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ವ್ಯತ್ಯಾಸ ಹೆಚ್ಚಿದಷ್ಟೂ ಪ್ರತಿಫಲನವೂ ಹೆಚ್ಚು. ಗ್ರಿಫಿನ್‌ನ ವಿದ್ಯೆ ಬೆಳಕಿಗಷ್ಟೇ ಮೋಸ ಮಾಡಿದ್ದರೆ, ರಾಡಾರಿಗೆ ಅವನು ಸಿಕ್ಕಿಬೀಳುತ್ತಿದ್ದ.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ಎಫ್-117 ವಿಮಾನ. ಹಗಲಲ್ಲಿ ಯಾರ ಕಣ್ಣಿಗೂ ಬೀಳುವಂಥ ಕಪ್ಪು ವಿಮಾನ. ಅದರ ಚಪ್ಪಟೆ ಮುಖಗಳು ರಾಡಾರಿನ ಅಲೆಯನ್ನು ಬಂದ ದಾರಿಗೆ ಕಳಿಸದೆ ಬೇರೆ ಕಡೆಗೆ ತಿರುಗಿಸುತ್ತವೆ. ಮೈಮೇಲಿನ ಲೇಪ ಒಂದಷ್ಟನ್ನು ನುಂಗುತ್ತದೆ. ಅದು ಮಾಯವಾಗಿರುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಅಷ್ಟೆ.

ಇಲ್ಲಿಗೆ ಬಂದಾಗ ನನಗೆ ಅಪ್ಪ ನೆನಪಾದರು. ಗ್ಲಾಕೋಮಾದಿಂದ ಕೊನೆಯ ಆರು ವರ್ಷ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಡುಮನೆಯ ಕುರ್ಚಿಯಲ್ಲಿ ಕೂತು, ಬಾಗಿಲು ಸದ್ದಾದರೆ “ಯಾರದು?” ಎಂದು ಕೇಳಿ, ತಲೆ ಓರೆ ಮಾಡಿ ಕಾಯುತ್ತಿದ್ದರು. “ನಾನು ಅಪ್ಪ” ಎಂದರೆ ಸಾಕು, ಯಾರು, ಎಷ್ಟು ದೂರದಲ್ಲಿದ್ದಾರೆ, ಯಾವ ಮನಸ್ಸಿನಲ್ಲಿದ್ದಾರೆ ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತು. ಒಂದು ಸಂಜೆ ಆಫೀಸಿನಿಂದ ಸುಸ್ತಾಗಿ ಬಂದಿದ್ದೆ. ಉತ್ತರ ಕೊಟ್ಟರೆ ಕೂರಿಸಿಕೊಂಡು ಪೇಪರ್ ಓದು ಎನ್ನುತ್ತಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯ ಪಕ್ಕದಲ್ಲೇ ದಾಟತೊಡಗಿದೆ. “ಯಾರದು?” ಎಂದು ಎರಡನೇ ಸಲ ಕೇಳಿದರು. ಉಸಿರು ಬಿಗಿಹಿಡಿದು ನಿಂತೆ. ಮತ್ತೆ ಕೇಳಲಿಲ್ಲ. ಆಮೇಲೂ ಕೆಲವು ಸಲ ನಾನು ಹೀಗೆ ಮಾಡಿದ್ದೇನೆ.

ಕಾಣದವನ ಬಗ್ಗೆ ಒಂದು ಹಳೆಯ ಪ್ರಶ್ನೆ ಪ್ಲೇಟೋನ ‘ರಿಪಬ್ಲಿಕ್’ನಲ್ಲಿದೆ. ಮಾಯದ ಉಂಗುರ ತೊಟ್ಟು ಯಾರ ಕಣ್ಣಿಗೂ ಬೀಳದವನು ನ್ಯಾಯವಾಗಿ ನಡೆದುಕೊಂಡಾನೆಯೇ? ಅಲ್ಲಿ ನೋಡುವವರೆಲ್ಲ ಕಾವಲುಗಾರರು. ಸಿಕ್ಕಿಬೀಳುವ ಭಯ ಇಲ್ಲದಿದ್ದರೆ ಏನಾದೀತು ಎಂಬುದೇ ಅಲ್ಲಿನ ವಿಷಯ. ನಾನು ಏನನ್ನೂ ಕದ್ದಿರಲಿಲ್ಲ, ಯಾರಿಗೂ ಹೊಡೆದಿರಲಿಲ್ಲ. ಆದರೂ ತಪ್ಪು ಮಾಡಿದ್ದೆ. ಅಪ್ಪ ಕಾವಲು ಕೂತಿರಲಿಲ್ಲ, ಕರೆಯುತ್ತಿದ್ದರು. ಗಾಳಿಯೂ ಕಾಣುವುದಿಲ್ಲ, ಅದು ಗಾಳಿಯ ತಪ್ಪಲ್ಲ. ಕರೆದವರಿಗೆ ಓಗೊಡದೆ, ಅಲ್ಲಿ ಯಾರೂ ಇಲ್ಲವೆಂದು ಅವರು ನಂಬಲಿ ಎಂದು ನಿಲ್ಲುವುದು ತಪ್ಪು. ಕಣ್ಣು ಹೋದವರಿಗೆ ಉಳಿದ ಒಂದು ದಾರಿಯನ್ನೂ ನಾನು ಮುಚ್ಚುತ್ತಿದ್ದೆ.

ಮುಚ್ಚಿದೆನೆಂದು ನನ್ನ ಲೆಕ್ಕ. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಒಂದು ಎಫ್-117 ಅನ್ನು ಕ್ಷಿಪಣಿ ಹೊಡೆದುರುಳಿಸಿತು. ಅದನ್ನು ಮೊದಲು ಪತ್ತೆಹಚ್ಚಿದ್ದು ಉದ್ದನೆಯ ಅಲೆಗಳ, ಹಳೆಯ ಮಾದರಿಯ ರಾಡಾರ್. ಸಣ್ಣ ಅಲೆಗಳಿಂದ ತಪ್ಪಿಸಿಕೊಳ್ಳಲೆಂದು ರೂಪಿಸಿದ ಮೈ ಉದ್ದ ಅಲೆಗೆ ಉತ್ತರ ಕೊಟ್ಟಿತ್ತು.

ಹೋಗುವ ಕೆಲವು ತಿಂಗಳ ಮುಂಚೆ, ನಾನು ಪೇಪರ್ ಓದುತ್ತಿದ್ದಾಗ ಅಪ್ಪ ನಡುವೆ ತಡೆದು ಹೇಳಿದರು: “ಚಪ್ಪಲಿ ಕೈಲಿ ಹಿಡ್ಕೊಂಡು ಬರ್ತೀಯಲ್ಲ, ಆವಾಗ ನಿನ್ನ ಬಲ ಮಂಡಿ ಲಟಕ್ ಅನ್ನತ್ತೆ. ಡಾಕ್ಟರಿಗೆ ತೋರಿಸ್ಕೋ.” ಬೈಯಲಿಲ್ಲ. ನಾನು ಮುಂದಿನ ಸುದ್ದಿ ಓದಿದೆ.

ಅಂದರೆ ಎರಡನೇ ಸಲ “ಯಾರದು?” ಎಂದು ಕೇಳಿದಾಗ, ಯಾರೆಂದು ಅವರಿಗೆ ಗೊತ್ತಿತ್ತು.