ತಕ್ಕಡಿಗೆ ಯಾರೂ ಮೋಸ ಮಾಡೋದಿಲ್ಲ

ಹೋದ ತಿಂಗಳು ನಮ್ಮ ಮನೆ ಮಿಕ್ಸಿ ಕೆಟ್ಟುಹೋಯಿತು. ಊರಿಂದ ಬಂದಿದ್ದ ಅಮ್ಮ ಬೆಳಗ್ಗೆ ಚಟ್ನಿ ರುಬ್ಬುತ್ತಿದ್ದಾಗ ಸುಟ್ಟ ವಾಸನೆ ಬಂತು, ಆಮೇಲೆ ನಿಂತೇಹೋಯಿತು. "ಫೋನಲ್ಲಿ ನೋಡೇ, ಹತ್ರದಲ್ಲಿ ಯಾರಾದ್ರೂ ರಿಪೇರಿಯವ್ರು ಸಿಗ್ತಾರೆ" ಅಂದಳು. ಫೋನ್ ತೆಗೆದು "ಮಿಕ್ಸಿ ರಿಪೇರಿ ನಿಯರ್ ಮಿ" ಅಂತ ಅರ್ಧ ಟೈಪ್ ಮಾಡಿದವಳು ಅಲ್ಲಿಗೇ ನಿಲ್ಲಿಸಿದೆ. ಆ ಹುಡುಕಾಟದಲ್ಲಿ ಮೇಲೆ ಬರುವ ಹೆಸರುಗಳು ಹೇಗೆ ಮೇಲೆ ಬರುತ್ತವೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಅವನ್ನ ಮೇಲೆ ತಂದು ಸಂಬಳ ತಗೊಂಡವಳು ನಾನೇ.

ಕೊನೆಗೆ ಪಕ್ಕದ ಮನೆ ಆಂಟಿಯನ್ನು ಕೇಳಿದೆ. ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ಒಂದು ಅಂಗಡಿ ಇದೆ ಅಂದರು. ಒಂದು ಬಾಗಿಲಿನಷ್ಟೇ ಅಗಲದ ಅಂಗಡಿ. ಒಳಗೆ ಬಿಚ್ಚಿಟ್ಟ ಗ್ರೈಂಡರ್‌ಗಳು, ಐರನ್ ಬಾಕ್ಸ್‌ಗಳು, ನಡುವೆ ಕನ್ನಡಕ ಹಾಕಿಕೊಂಡ ಒಬ್ಬ ವಯಸ್ಸಾದವರು. ಮಿಕ್ಸಿ ಬಿಚ್ಚಿ ನೋಡಿ, "ಕಾರ್ಬನ್ ಬ್ರಷ್ ಹೋಗಿದೆ ಅಷ್ಟೇ ಕಣಮ್ಮಾ, ಮೋಟಾರ್ ಚೆನ್ನಾಗೇ ಇದೆ" ಅಂದರು. ಹತ್ತು ನಿಮಿಷದ ಕೆಲಸ. ಮೋಟಾರ್ ಸುಟ್ಟಿದೆ ಅಂತ ಸುಳ್ಳು ಹೇಳಿದ್ದರೂ ನಾನು ನಂಬುತ್ತಿದ್ದೆ.

ಕಾಯುವಾಗ ಸುಮ್ಮನೆ ಕೇಳಿದೆ, "ಅಂಗಡಿ ಹೇಗೆ ನಡೀತಿದೆ ಅಂಕಲ್?"

"ಮೊದಲಿನ ಹಾಗೆ ಜನ ಬರಲ್ಲಮ್ಮಾ. ಎಲ್ಲಾ ಹೊಸದೇ ತಗೊಂಡುಬಿಡ್ತಾರೇನೋ. ಇಲ್ಲಾ, ನಮ್ಮ ಕೈಗುಣವೇ ಕಮ್ಮಿಯಾಯ್ತೋ ಏನೋ."

ಆ ಕೊನೆಯ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ.

ನನ್ನ ಮೊದಲ ಕೆಲಸ ಇದೇ ಊರಿನ ಒಂದು ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಕಂಪನಿಯಲ್ಲಿ. ನನಗೆ ಕೊಟ್ಟ ಮೊದಲ ಕ್ಲೈಂಟ್ ಮನೆಗೇ ಬಂದು ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸಿ ರಿಪೇರಿ ಮಾಡುವವರು. ಅವರಿಗೆ ಇದ್ದದ್ದು ಒಂದೇ ಆಫೀಸು. ನಾವು ಬೆಂಗಳೂರಿನ ಒಂದೊಂದು ಏರಿಯಾಗೂ ಒಂದೊಂದು ಪೇಜ್ ಮಾಡಿದೆವು. ಎಲ್ಲದರಲ್ಲೂ ಅದೇ ಬರಹ, ಜಯನಗರ ಇದ್ದ ಕಡೆ ಬನಶಂಕರಿ, ಬನಶಂಕರಿ ಇದ್ದ ಕಡೆ ಮಲ್ಲೇಶ್ವರ. ಮ್ಯಾಪ್‌ನಲ್ಲಿ ಇಲ್ಲದ ಅಂಗಡಿಗಳಿಗೆ ಗುರುತು ಹಾಕಿದೆವು. ಅಂಗಡಿ ನಿಜಕ್ಕೂ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳೋಕೆ ಗೂಗಲ್ ಆಗ ಪಿನ್ ನಂಬರ್ ಇರುವ ಪೋಸ್ಟ್‌ಕಾರ್ಡ್ ಕಳಿಸುತ್ತಿತ್ತು; ಅದನ್ನು ಪರಿಚಯದವರ ಮನೆ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದೆವು. ಬೇರೆ ಬೇರೆ ಸೈಟುಗಳಲ್ಲಿ ದುಡ್ಡು ಕೊಟ್ಟು ಲಿಂಕ್ ಹಾಕಿಸುತ್ತಿದ್ದೆವು. ಆಮೇಲೆ ರಿವ್ಯೂಗಳು. ಅವು ಪೂರ್ತಿ ನನ್ನ ಪಾಲಿಗೆ, ಯಾಕಂದ್ರೆ ನಾನು "ಚೆನ್ನಾಗಿ ಬರೀತೀನಿ."

ನಿಜವಾಗಿಯೂ ಚೆನ್ನಾಗಿಯೇ ಬರೆಯುತ್ತಿದ್ದೆ. ಒಂದು ದಿನ ನಿವೃತ್ತ ಮೇಷ್ಟ್ರು, ಇನ್ನೊಂದು ದಿನ ಎರಡು ಮಕ್ಕಳ ತಾಯಿ. ಎಲ್ಲರೂ ಐದಕ್ಕೆ ಐದು ಸ್ಟಾರ್ ಕೊಟ್ಟರೆ ಅನುಮಾನ ಬರುತ್ತೆ ಅಂತ ನಡುನಡುವೆ ನಾಲ್ಕು. "ಅರ್ಧ ಗಂಟೆ ಲೇಟಾಗಿ ಬಂದರು, ಆದರೆ ಕೆಲಸ ನೀಟು." ಬೇಕಂತಲೇ ಒಂದೆರಡು ಕಾಗುಣಿತ ತಪ್ಪು. ಕಾಲೇಜಲ್ಲಿ ಕಥೆ ಬರೆಯುವ ಆಸೆ ಇತ್ತು. ನನ್ನ ಕಥೆಗಳನ್ನು ಅತಿ ಹೆಚ್ಚು ಜನ ಓದಿ ನಂಬಿದ್ದು ಅಲ್ಲಿಯೇ.

ಮಿಕ್ಸಿ ಅಂಕಲ್ ಇರುವ ಏರಿಯಾ ಕೂಡ ಆ ಪಟ್ಟಿಯಲ್ಲಿತ್ತು. ಅವರ ಗಿರಾಕಿಗಳು ಕಮ್ಮಿಯಾಗಿದ್ದು ನನ್ನಿಂದಲೇ ಅಂತ ಹೇಳೋಕಾಗಲ್ಲ. ಹೊಸದು ತಗೊಳ್ಳುವವರು ಹೆಚ್ಚಾಗಿರೋದೂ ನಿಜವೇ. ಆದರೆ ನನ್ನಿಂದ ಅಲ್ಲ ಅಂತ ಹೇಳೋಕೂ ನನ್ನ ಹತ್ರ ಆಧಾರ ಇಲ್ಲ.

ಆಗ ನಾವೆಲ್ಲ ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದಿತ್ತು: "ನಾವು ಆಟ ಆಡ್ತಿರೋದು ಗೂಗಲ್ ಜೊತೆ. ಮನುಷ್ಯರಿಗೇನೂ ಮೋಸ ಮಾಡ್ತಿಲ್ಲ." ಸರ್ಚ್ ಎಂಜಿನ್ ಅನ್ನೋದು ಒಂದು ಯಂತ್ರ. ಅದಕ್ಕೆ ಬೇಜಾರಾಗಲ್ಲ, ನಷ್ಟವಾಗಲ್ಲ. ಯಂತ್ರಕ್ಕೆ ಹೇಳಿದ ಸುಳ್ಳು ಸುಳ್ಳು ಹೇಗಾಗುತ್ತೆ?

ಈ ಪ್ರಶ್ನೆ ಅಷ್ಟು ಪೆದ್ದಲ್ಲ. ಉತ್ತರ ಸಿಗಬೇಕಾದರೆ ಆ ಯಂತ್ರ ಅಳೆಯೋದು ಏನನ್ನು ಅಂತ ನೋಡಬೇಕು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಮುಂದಿಟ್ಟ ಪೇಜ್‌ರ‍್ಯಾಂಕ್‌ನ ಮೂಲ ವಿಚಾರ ತುಂಬ ಸರಳ. ಒಬ್ಬ ಸಂಶೋಧಕ ಇನ್ನೊಬ್ಬರ ಪ್ರಬಂಧವನ್ನು ಉಲ್ಲೇಖಿಸಿದರೆ ಅದಕ್ಕೆ ಬೆಲೆ ಇದೆ ಅಂತ ಅರ್ಥ. ಹಾಗೆಯೇ ಒಂದು ಪೇಜ್ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು, ಅದರಲ್ಲೂ ಹೆಸರಿರುವವರು ಕೊಟ್ಟ ಲಿಂಕಿಗೆ ಹೆಚ್ಚು ತೂಕ. ನಮ್ಮ ಪಕ್ಕದ ಮನೆ ಆಂಟಿ "ಅಲ್ಲಿಗೆ ಹೋಗು, ಚೆನ್ನಾಗಿ ಮಾಡ್ತಾರೆ" ಅಂದರಲ್ಲ, ಅಂಥ ಕೋಟ್ಯಂತರ ಮಾತುಗಳನ್ನು ಕೂಡಿಸಿ ಹೇಳುವ ಪ್ರಯತ್ನ ಅದು. ಈಗ ಅದಕ್ಕೆ ಇನ್ನೂ ನೂರೆಂಟು ಲೆಕ್ಕಗಳು ಸೇರಿವೆ. ಆದರೂ ಬುಡದಲ್ಲಿರೋದು ಜನರ ನಂಬಿಕೆಯೇ.

ತಕ್ಕಡಿ ತಟ್ಟೆಯ ಕೆಳಗೆ ಆಯಸ್ಕಾಂತ ಅಂಟಿಸಿದ ವ್ಯಾಪಾರಿ "ನಾನು ತಕ್ಕಡಿಗೆ ಮೋಸ ಮಾಡಿದೆ, ಗಿರಾಕಿಗಲ್ಲ" ಅಂದರೆ ನಾವು ನಗುತ್ತೇವೆ. ತಕ್ಕಡಿಗೆ ಯಾರೂ ಮೋಸ ಮಾಡೋದಿಲ್ಲ. ತಕ್ಕಡಿಯನ್ನು ಮುಂದಿಟ್ಟುಕೊಂಡು, ಅದನ್ನು ನಂಬಿದವನಿಗೆ ಮೋಸ ಮಾಡುತ್ತಾರೆ. ನಾನು ಬರೆದ ನಿವೃತ್ತ ಮೇಷ್ಟ್ರ ರಿವ್ಯೂ ಯಂತ್ರಕ್ಕೆ ಬರೀ ಒಂದು ಅಂಕಿ. ಅದನ್ನು ಓದಿ ನಿಟ್ಟುಸಿರು ಬಿಟ್ಟು ಫೋನ್ ಮಾಡಿದವಳು ಯಾರದೋ ಅಮ್ಮ.

ಇಲ್ಲಿ ಇನ್ನೊಂದು ತೊಡಕಿದೆ. ತೂಕದಲ್ಲಿ ಮೋಸ ಹೋದವನಿಗೆ ಮನೆಗೆ ಹೋಗಿ ಅಳೆದಾಗಲಾದರೂ ಗೊತ್ತಾಗುತ್ತೆ. ಇಲ್ಲಿ ಹೊಡೆತ ತಿನ್ನೋದು ಮೂರನೆಯವನು, ಅಂದರೆ ಎರಡನೇ ಪುಟಕ್ಕೆ ತಳ್ಳಲ್ಪಟ್ಟವನು. ಅವನಿಗೆ ಬೈಗುಳ ಬರಲಿಲ್ಲ, ನೋಟೀಸು ಬರಲಿಲ್ಲ. ಫೋನ್ ಬರೋದು ನಿಂತಿತು, ಅಷ್ಟೇ. ಕಾರಣ ಕಾಣದಿದ್ದಾಗ ಮನುಷ್ಯ ತನ್ನೊಳಗೇ ಹುಡುಕಿಕೊಳ್ಳುತ್ತಾನೆ, ಕೈಗುಣವೇ ಕಮ್ಮಿಯಾಯ್ತೋ ಏನೋ ಅಂತ. ಗೊತ್ತೇ ಆಗದ ಅನ್ಯಾಯ ಅನ್ಯಾಯವೇ ಅಲ್ಲ ಅಂತ ವಾದಿಸುವವರಿದ್ದಾರೆ. ನನಗನ್ನಿಸೋದು ಅದು ಇನ್ನೂ ಕೆಟ್ಟದ್ದು ಅಂತ. ಅದು ಗಿರಾಕಿಯ ಜೊತೆ ಅವನ ಆತ್ಮವಿಶ್ವಾಸವನ್ನೂ ಕದಿಯುತ್ತೆ. ಬಯ್ಯೋಕೆ ಒಬ್ಬ ಎದುರಾಳಿಯನ್ನೂ ಕೊಡೋದಿಲ್ಲ.

ಎರಡನೇ ಸಮಾಧಾನ: "ಎಲ್ಲರೂ ಮಾಡ್ತಾರೆ." ಇದರಲ್ಲಿ ಸತ್ಯವಿದೆ, ಒಪ್ಪಲೇಬೇಕು. ಜಾತ್ರೆಯಲ್ಲಿ ಮುಂದಿನವರೆಲ್ಲ ತುದಿಗಾಲಲ್ಲಿ ನಿಂತರೆ ನೆಟ್ಟಗೆ ನಿಂತವನಿಗೆ ತೇರು ಕಾಣಲ್ಲ. ದೊಡ್ಡವರೂ ತುದಿಗಾಲಲ್ಲೇ ನಿಂತವರು. 2006ರಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ಸೈಟನ್ನು ಗೂಗಲ್ ತನ್ನ ಹುಡುಕಾಟದಿಂದಲೇ ತೆಗೆದುಹಾಕಿತು. ಕಾರಣ, ಸರ್ಚ್ ಎಂಜಿನ್‌ಗೆ ಮಾತು ತುಂಬಿದ ಒಂದು ಪುಟ ತೋರಿಸಿ, ಬಂದ ಜನರನ್ನು ಇನ್ನೊಂದಕ್ಕೆ ಕಳಿಸುತ್ತಿದ್ದದ್ದು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಕಥೆ ಬರೆಯಿತು. ಬಟ್ಟೆಯಿಂದ ಹಾಸಿಗೆವರೆಗೆ ಏನು ಹುಡುಕಿದರೂ ಅವರೇ ಮೊದಲು. ಹಿಂದೆ ನೋಡಿದರೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅವರ ಲಿಂಕುಗಳು. ಸಿಕ್ಕಿಬಿದ್ದ ಮೇಲೆ ಕಂಪನಿ ನಮಗೆ ಇದು ಗೊತ್ತೇ ಇರಲಿಲ್ಲ ಅಂದಿತು, ತನ್ನ ಎಸ್‌ಇಒ ಏಜೆನ್ಸಿಯನ್ನು ಬಿಟ್ಟುಹಾಕಿತು.

ನನ್ನನ್ನು ಹಿಡಿದು ನಿಲ್ಲಿಸೋದು ಆ "ಗೊತ್ತಿರಲಿಲ್ಲ." ಇಂಥ ಕೆಲಸದಲ್ಲಿ ತಪ್ಪು ಯಾರ ಕೈಯಲ್ಲೂ ನಿಲ್ಲಲ್ಲ. ಕ್ಲೈಂಟ್ "ನಮಗೆ ರಿಸಲ್ಟ್ ಬೇಕು, ಹೇಗೆ ಅಂತ ಹೇಳ್ಬೇಡಿ" ಅಂತಾರೆ. ಏಜೆನ್ಸಿ "ಕ್ಲೈಂಟ್ ಕೇಳಿದ್ರು" ಅನ್ನುತ್ತೆ. ಮ್ಯಾನೇಜರ್‌ಗೆ ಟಾರ್ಗೆಟ್. ಕೀಬೋರ್ಡ್ ಮುಂದೆ ಕೂತ ನನ್ನಂಥವಳಿಗೆ ಪಿಜಿ ಬಾಡಿಗೆ, ಎಜುಕೇಶನ್ ಲೋನ್. ಎಲ್ಲರ ಕಾರಣಗಳೂ ನಿಜವೇ. ಆದರೆ ಆ ಸುಳ್ಳು ವಾಕ್ಯವನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದ್ದು ಯಾರ ಬೆರಳು ಅಂತ ಕೇಳಿದರೆ ಉತ್ತರ ಒಂದೇ.

ಇಂಥದ್ದನ್ನೆಲ್ಲ ಮಾಡಬೇಡಿ ಅಂತ ಹೇಳಿಕೊಡುವ ಟ್ರೇನಿಂಗ್‌ಗಳೂ ಇವೆ. ಅಲ್ಲಿ ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: "ಗೂಗಲ್ ಶಿಕ್ಷೆ ಕೊಡುತ್ತೆ." 2011ರಲ್ಲಿ ಪಾಂಡಾ, 2012ರಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆಗಳು ಬಂದು ಎಷ್ಟೋ ಸೈಟುಗಳು ರಾತ್ರೋರಾತ್ರಿ ಕೆಳಗಿಳಿದದ್ದು ನಿಜ. ಆದರೆ ಸಿಕ್ಕಿಬೀಳ್ತೀವಿ ಅನ್ನೋದೇ ಕಾರಣವಾದರೆ, ಸಿಕ್ಕಿಬೀಳದ ದಿನ ಅದು ಸರಿ ಅಂತಾಗುತ್ತೆ. ಗೂಗಲನ್ನೇ ಧರ್ಮಾಧಿಕಾರಿ ಮಾಡೋದೂ ಕಷ್ಟ. 2012ರ ಜನವರಿಯಲ್ಲಿ ಅದರದೇ ಕ್ರೋಮ್ ಬ್ರೌಸರಿನ ಪ್ರಚಾರಕ್ಕೆ ದುಡ್ಡು ಕೊಟ್ಟು ಬರೆಸಿದ ಬರಹಗಳು ಬೆಳಕಿಗೆ ಬಂದು, ತನ್ನದೇ ಕ್ರೋಮ್ ಪುಟವನ್ನು ಕನಿಷ್ಠ 60 ದಿನ ಕೆಳಗಿಳಿಸಬೇಕಾಯಿತು.

ಕಾನೂನು ಹಿಂದೆಯೇ ಬರುತ್ತಿದೆ. ನಮ್ಮಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿ 2022ರಲ್ಲಿ ಐಎಸ್ 19000 ಅನ್ನುವ ಮಾನದಂಡ ಬಂತು. 2023ರ ನವೆಂಬರ್‌ನಲ್ಲಿ ಗ್ರಾಹಕರನ್ನು ಬಲೆಗೆ ಕೆಡವುವ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿ ಮಾಡಿ ನಿಷೇಧಿಸಿದರು. "ಒಂದೇ ರೂಮ್ ಉಳಿದಿದೆ" ಅನ್ನುವ ಸುಳ್ಳು ಅವಸರ, ಸುದ್ದಿಯ ವೇಷ ಹಾಕಿದ ಜಾಹೀರಾತು ಅದರಲ್ಲಿವೆ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಸುಳ್ಳು ರಿವ್ಯೂ ಕೊಳ್ಳೋದು, ಮಾರೋದು ನಿಯಮದ ಪ್ರಕಾರವೇ ತಪ್ಪು. ಒಳ್ಳೆಯದೇ. ಆದರೆ ನಾನು ಬರೆಯುತ್ತಿದ್ದಾಗ ಇವ್ಯಾವುವೂ ಇರಲಿಲ್ಲ. ಅದರಿಂದ ಆಗ ಬರೆದದ್ದು ಸತ್ಯವಾಗಲಿಲ್ಲ.

ಮೂರನೇ ಸಮಾಧಾನ ಎಲ್ಲಕ್ಕಿಂತ ಜಾಣತನದ್ದು: "ಸರ್ವಿಸ್ ಚೆನ್ನಾಗಿದ್ದರೆ ಆಯ್ತಲ್ಲ, ಗಿರಾಕಿಗೇನು ನಷ್ಟ?" ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪೇಪರಿನಲ್ಲಿ. ಬ್ಯಾಂಕಿನದೋ ಕೊರಿಯರ್‌ನದೋ ಕಸ್ಟಮರ್ ಕೇರ್ ನಂಬರನ್ನು ಆನ್‌ಲೈನ್‌ನಲ್ಲಿ ಹುಡುಕಿ, ಅಲ್ಲಿ ಸಿಕ್ಕ ನಕಲಿ ನಂಬರಿಗೆ ಫೋನ್ ಮಾಡಿ, ಒಟಿಪಿ ಕೊಟ್ಟು ಖಾತೆ ಖಾಲಿ ಮಾಡಿಕೊಂಡವರ ಸುದ್ದಿ ನೀವೂ ಓದಿರುತ್ತೀರಿ. 1930ಕ್ಕೆ ಕರೆ ಮಾಡುವಷ್ಟರಲ್ಲಿ ದುಡ್ಡು ಎಲ್ಲಿಗೋ ಹೋಗಿರುತ್ತೆ. ಆ ನಕಲಿ ನಂಬರ್ ಮೇಲೆ ಬರೋದು ಹೇಗೆ? ಇಲ್ಲದ ವಿಳಾಸ, ಸುಳ್ಳು ಗುರುತು, ಬರೆಸಿದ ರಿವ್ಯೂ. ಒಂದೊಂದೂ ನನಗೆ ಪರಿಚಯದ ಕೆಲಸ. ನಾವು ಒಳ್ಳೆ ಸರ್ವಿಸ್‌ಗೆ ಬಳಸಿದೆವು, ಅವರು ಕಳ್ಳತನಕ್ಕೆ ಬಳಸಿದರು. ಆದರೆ ಸುಳ್ಳು ಗುರುತುಗಳಿಗೆ ಜನರ ಕಣ್ಣನ್ನು ಒಗ್ಗಿಸಿದ್ದರಲ್ಲಿ ಇಬ್ಬರ ಪಾಲೂ ಇದೆ. ಸಾವಿರ ಸುಳ್ಳು ಅಂಗಡಿಗಳ ನಡುವೆ ಒಬ್ಬ ಕಳ್ಳ ಅಡಗೋದು ಸುಲಭ.

ಹಾಗಾದರೆ ಗೆರೆ ಎಲ್ಲಿ? ಎಸ್‌ಇಒ ಅಂದರೇ ಮೋಸ ಅನ್ನೋದು ತಪ್ಪು. ನಾನೀಗಲೂ ಅದೇ ಕ್ಷೇತ್ರದಲ್ಲಿದ್ದೀನಿ. ಪುಟ ಬೇಗ ತೆರೆಯುವ ಹಾಗೆ ಮಾಡೋದು, ಜನ ಬಳಸುವ ಮಾತಲ್ಲೇ ತಲೆಬರಹ ಕೊಡೋದು, ಟೈಮಿಂಗ್ಸ್ ಸರಿಯಾಗಿ ಹಾಕೋದು, ಬಂದ ಗಿರಾಕಿಗಳನ್ನೆಲ್ಲ "ಹೇಗಿತ್ತು ಅಂತ ಬರೀರಿ" ಅಂತ ಕೇಳೋದು: ಇದು ಅಂಗಡಿಗೆ ಬೋರ್ಡ್ ಹಾಕಿದ ಹಾಗೆ. ಖುಷಿಯಾದವರನ್ನು ಮಾತ್ರ ಆರಿಸಿ ಬರೆಸಿದರೆ? "ಬೆಂಗಳೂರಿನ 10 ಬೆಸ್ಟ್" ಅಂತ ತಟಸ್ಥರ ಹಾಗೆ ಪಟ್ಟಿ ಬರೆದು ನಮ್ಮನ್ನೇ ಮೊದಲಿಗೆ ಇಟ್ಟುಕೊಂಡರೆ? ಅಲ್ಲಿ ನಿಯಮದ ಪುಸ್ತಕ ನೋಡುವ ಮೊದಲು ನಾನು ಕೇಳಿಕೊಳ್ಳೋದು ಒಂದೇ. ಈ ಪುಟ ಓದುವವರು ಮತ್ತು ಇದರಿಂದ ಹಿಂದೆ ಬೀಳುವವರು ಎದುರಿಗೆ ಕೂತಿದ್ದರೆ, ಇದನ್ನು ಹೇಗೆ ಮಾಡಿದೆ ಅಂತ ನಾನು ಹೇಳಬಲ್ಲೆನಾ? ಹೇಳಿದ ಮೇಲೂ ಅದು ಕೆಲಸ ಮಾಡುತ್ತಾ?

ಇದಕ್ಕೆ ಬೆಲೆ ಇದೆ. ಈ ವರ್ಷ ಅಂಥದ್ದೇ ಒಂದು "10 ಬೆಸ್ಟ್" ಪಟ್ಟಿ ಮಾಡಲ್ಲ ಅಂದಾಗ ಆ ಅಕೌಂಟ್ ಬೇರೆಯವರ ಪಾಲಾಯಿತು, ಅದರ ಜೊತೆಗೆ ನನ್ನ ಇನ್ಸೆಂಟಿವ್ ಕೂಡ. ಪಟ್ಟಿ ಹೇಗೂ ಬಂತು. ನಾನು ಬೇಡ ಅಂದದ್ದರಿಂದ ಲೋಕದಲ್ಲಿ ಒಂದು ಸುಳ್ಳೂ ಕಮ್ಮಿಯಾಗಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಈ ಬರಹವೂ ಒಂದು ಐದು ಸ್ಟಾರ್ ರಿವ್ಯೂ ಆಗಿಬಿಡುತ್ತೆ.

ಹೋದ ಶನಿವಾರ ಮತ್ತೆ ಆ ಅಂಗಡಿಗೆ ಹೋಗಿ, ಅಂಕಲ್‌ದೇ ಫೋನಲ್ಲಿ ಅಂಗಡಿಯನ್ನು ಮ್ಯಾಪ್‌ಗೆ ಹಾಕಿಕೊಟ್ಟೆ. ನಿಜವಾದ ವಿಳಾಸ, ನಿಜವಾದ ಫೋಟೋ. ಎಷ್ಟು ಗಂಟೆಗೆ ಮುಚ್ಚುತ್ತೀರಿ ಅಂದದ್ದಕ್ಕೆ, "ಕೆಲಸ ಮುಗಿದ್ಮೇಲೆ" ಅಂದರು. ಎಂಟು ಅಂತ ಹಾಕಿದೆ.

"ಇದಕ್ಕೆ ಎಷ್ಟು ಕೊಡಬೇಕಮ್ಮಾ?"

"ಏನೂ ಬೇಡ ಅಂಕಲ್."

"ಯಾಕಮ್ಮಾ, ನಿನಗೂ ಇದು ಕೆಲಸ ತಾನೇ?"

ಹೇಳೋಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಕೈಗುಣ ಕಮ್ಮಿಯಾಗಿಲ್ಲ ಅಂಕಲ್, ಹೀಗೆ ಹೀಗೆ ಆಯ್ತು, ಅದರಲ್ಲಿ ನಾನೂ ಇದ್ದೆ ಅಂತ. ನಾನೇ ಮಾಡಿಕೊಂಡ ಪರೀಕ್ಷೆ ಅದು, ಎದುರಿಗೇ ಕೂತಿತ್ತು. "ಮಿಕ್ಸಿ ಚೆನ್ನಾಗಿ ಓಡ್ತಿದೆ, ಅದಕ್ಕೇ" ಅಂದು ಎದ್ದು ಬಂದೆ. ಮಿಕ್ಸಿ ಚೆನ್ನಾಗಿ ಓಡ್ತಿರೋದು ನಿಜವೇ.