ದಾನವೂ ವಿಶ್ವಾಸವೂ

ಕೊಡುವುದು ಪುಣ್ಯವೆಂದು ಎಲ್ಲ ಧರ್ಮಗಳೂ ಸಾರಿವೆ. ಆದರೆ ಏನನ್ನು ಕೊಡಬೇಕು, ಹೇಗೆ ಕೊಡಬೇಕು ಎಂಬ ವಿಚಾರದಲ್ಲಿ ಕೊಡುವವರ ಮನಸ್ಸು ಅಷ್ಟು ನಿಚ್ಚಳವಾಗಿಲ್ಲ. ಬಡವನಿಗೆ ಅನ್ನವಿಕ್ಕಲು ನಾವು ಹಿಂಜರಿಯುವುದಿಲ್ಲ. ಕಂಬಳಿ ಹಂಚುತ್ತೇವೆ, ಅವನ ಮಕ್ಕಳಿಗೆ ಪುಸ್ತಕ ಕೊಡಿಸುತ್ತೇವೆ. ಆದರೆ ಹಣವನ್ನೇ ಅವನ ಕೈಗಿತ್ತು, ‘ನಿನಗೆ ತಿಳಿದಂತೆ ಬಳಸಿಕೊ’ ಎನ್ನಬೇಕಾಗಿ ಬಂದಾಗ ಕೈ ತಡೆಯುತ್ತದೆ. ಕುಡಿದು ಕಳೆದಾನು, ದುಡಿಮೆ ಬಿಟ್ಟು ಸೋಮಾರಿಯಾದಾನು ಎಂಬ ಶಂಕೆ ತಲೆದೋರುತ್ತದೆ. ಈ ಶಂಕೆ ನ್ಯಾಯವಾದುದೇ? ಬಡವನ ಹಿತವನ್ನು ಬಡವನಿಗಿಂತ ನಾವು ಚೆನ್ನಾಗಿ ಬಲ್ಲೆವೇ? ಪ್ರಶ್ನೆ ಹಣದ್ದಾಗಿ ಕಂಡರೂ ಮೂಲತಃ ನೀತಿಯದು.

ಗ್ರಾಮದ ಬಡತನವೆಂದರೆ ಹಣದ ಕೊರತೆ ಮಾತ್ರವಲ್ಲ. ಬೇಕಾದ ವೇಳೆಗೆ ಹಣವಿಲ್ಲದಿರುವುದು. ಮುಂಗಾರು ಬಿದ್ದ ಕೂಡಲೆ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಬೇಕು. ಸುಗ್ಗಿ ಇನ್ನೂ ಎಷ್ಟೋ ತಿಂಗಳು ದೂರ. ಆಗ ಸಾಹುಕಾರನ ಬಾಗಿಲೇ ಗತಿ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯೆಂದರೆ ಕೇಳಲು ಅಲ್ಪ. ವರ್ಷಕ್ಕೆ ಅದು 60 ರೂಪಾಯಿ. ಆ ಬಡ್ಡಿಯ ಅಂಜಿಕೆಯಿಂದಲೇ ರೈತನು ಬೆಲೆ ಕುಸಿದಿರುವ ಸುಗ್ಗಿಯ ದಿನಗಳಲ್ಲಿ ಕಾಳನ್ನು ಮಾರಿಬಿಡುತ್ತಾನೆ. ನಡುವೆ ಮಗುವಿಗೆ ಜ್ವರ ಬಂದರೆ ಮನೆಯ ಆಡು ಅರ್ಧ ಬೆಲೆಗೆ ಹೋಗುತ್ತದೆ. ಉಳ್ಳವನಿಗೆ ಅಗ್ಗವಾದದ್ದೆಲ್ಲ ಇಲ್ಲದವನಿಗೆ ತುಟ್ಟಿ. ಇಂಥವನಿಗೆ ನಾವು ಕಂಬಳಿ ಹೊದಿಸಿ ಧನ್ಯರಾದೆವೆಂದುಕೊಳ್ಳುತ್ತೇವೆ. ಅವನು ಅದನ್ನು ಮಾರಿ ಗೊಬ್ಬರ ತಂದರೆ ಕೃತಘ್ನನೆನ್ನುತ್ತೇವೆ. ವಿಚಾರಿಸಿ ನೋಡಿದರೆ, ತಪ್ಪಿದ್ದು ಅವನ ಬುದ್ಧಿಯಲ್ಲ, ನಮ್ಮ ಎಣಿಕೆ.

ಈ ಮಾತಿಗೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ‘ಸೇವಾ’ ಎಂಬ ದುಡಿಯುವ ಮಹಿಳೆಯರ ಸಂಘವು ಯುನಿಸೆಫ್ ಸಂಸ್ಥೆಯ ನೆರವಿನೊಡನೆ 2011ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ಊರಿನ ಪ್ರತಿಯೊಬ್ಬ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಗುವಿಗೆ 100 ರೂಪಾಯಿ. ಒಂದು ವರ್ಷದ ಬಳಿಕ ಅದು 300 ಮತ್ತು 150 ಆಯಿತು. ಮಗುವಿನ ಪಾಲು ತಾಯಿಯ ಕೈಗೆ. ಯಾವ ಕರಾರೂ ಇರಲಿಲ್ಲ. ಯಾರೂ ಲೆಕ್ಕ ಕೇಳಲಿಲ್ಲ. ಗಂಡ ಹೆಂಡತಿ, ಮೂವರು ಮಕ್ಕಳಿರುವ ಮನೆಗೆ ಇದರಿಂದ ಮೊದಲು ಬಂದದ್ದು ತಿಂಗಳಿಗೆ 700 ರೂಪಾಯಿ. ಬದುಕು ಸಾಗಿಸಲು ಸಾಲದ, ಆದರೆ ಬದುಕಿನ ದಿಕ್ಕನ್ನು ಬದಲಿಸಲು ಸಾಕಾದ ಹಣ ಅದು. ನೆರವು ಪಡೆಯದ ಬೇರೆ ಹಳ್ಳಿಗಳೊಡನೆ ಹೋಲಿಸಿ ನೋಡಲಾಗಿ, ಊಟ ಸುಧಾರಿಸಿತ್ತು; ಹೆಣ್ಣುಮಕ್ಕಳ ತೂಕದಲ್ಲಿ ಆ ಸುಧಾರಣೆ ಎದ್ದು ಕಾಣುತ್ತಿತ್ತು. ಮಕ್ಕಳ ಓದಿಗೆ ಹೆಚ್ಚು ವೆಚ್ಚವಾಗಿತ್ತು. ಹೊಸ ಸಾಲದ ಭಾರ ಇಳಿದಿತ್ತು. ಕುಡಿತ ಹೆಚ್ಚಿದ ಕುರುಹು ಕಾಣಲಿಲ್ಲ. 2014ರಲ್ಲಿ ವಿಶ್ವಬ್ಯಾಂಕಿನ ಸಂಶೋಧಕರಿಬ್ಬರು ಹಲವು ದೇಶಗಳ 19 ಅಧ್ಯಯನಗಳನ್ನು ಪರಿಶೀಲಿಸಿ, ಇಂಥ ಹಣದಿಂದ ಮದ್ಯ ತಂಬಾಕುಗಳ ಬಳಕೆ ಸಾಮಾನ್ಯವಾಗಿ ಹೆಚ್ಚುವುದಿಲ್ಲವೆಂಬ ನಿರ್ಣಯಕ್ಕೇ ಬಂದರು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಏಳುತ್ತದೆ. ಕಾಯಕವಿಲ್ಲದೆ ಬಂದದ್ದನ್ನು ಉಣ್ಣಬಾರದೆಂಬುದು ಶರಣರ ನಿಲುವು. ಹೀಗಿರಲು, ದುಡಿಯದೆ ಕೈಸೇರುವ ಹಣ ಕಾಯಕತತ್ತ್ವಕ್ಕೆ ಕುಂದಲ್ಲವೇ? ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ; ಆದರೆ ಆ ಹಳ್ಳಿಗಳಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿ ಕೂಲಿಯ ದಿನಗಳು ಕೆಲವರ ಪಾಲಿಗೆ ಕಡಿಮೆಯಾದದ್ದು ನಿಜ. ಅವರು ಮಲಗಲಿಲ್ಲ, ಪರರ ಹೊಲ ಬಿಟ್ಟು ಸ್ವಂತ ಹೊಲಕ್ಕೆ ಇಳಿದರು. ಬೀಜ ಗೊಬ್ಬರ ಕೊಂಡರು, ದನಕರು ಕೊಂಡರು. ಸಾಲದ ಕಟ್ಟಿಗೆ ಸಿಕ್ಕಿ ಧಣಿಯ ಮನೆಯಲ್ಲಿ ಆಳಾಗಿ ದುಡಿಯುತ್ತಿದ್ದ ಕೆಲವರು ಆ ಋಣದಿಂದ ಬಿಡಿಸಿಕೊಳ್ಳುವ ದಾರಿ ಕಂಡರು. ಋಣದ ಹಗ್ಗ ಎಳೆದತ್ತ ನಡೆಯುವ ದುಡಿಮೆ ಕಾಯಕವೆನಿಸೀತೇ? ತನ್ನ ಇಚ್ಛೆಯಿಂದ, ತನ್ನ ಅರಿವಿನಿಂದ ಮಾಡುವುದು ಕಾಯಕ; ಬೇರೆ ಗತಿಯಿಲ್ಲದೆ ಮಾಡುವುದು ಜೀತ. ಮೊದಲನೆಯದಕ್ಕೆ ದಾರಿ ಮಾಡಿಕೊಟ್ಟ ಹಣ ಕಾಯಕಕ್ಕೆ ವೈರಿಯಲ್ಲ, ಅದರ ಬಂಡವಾಳ.

ಕಡಲಾಚೆಯ ಅನುಭವವೂ ಬೇರೆಯಾಗಿಲ್ಲ. ಆಫ್ರಿಕದ ಕೆನ್ಯಾ ದೇಶದ ಪಶ್ಚಿಮ ಭಾಗದಲ್ಲಿ ‘ಗಿವ್‌ಡೈರೆಕ್ಟ್‌ಲಿ’ ಎಂಬ ಸಂಸ್ಥೆಯು ಹುಲ್ಲುಮಾಡಿನ ಮನೆಯಲ್ಲಿರುವ ಬಡವರಿಗೆ ಮೊಬೈಲ್ ಫೋನಿನ ಮೂಲಕ ನೇರವಾಗಿ ಹಣ ಕಳುಹಿಸಿತು. ಪಡೆದವರಲ್ಲಿ ಅನೇಕರು ಮೊದಲು ಮಾಡಿದ ಕೆಲಸ ಮನೆಗೆ ತಗಡು ಹೊದಿಸಿದ್ದು. ದೂರದಿಂದ ನೋಡುವವರಿಗೆ ಇದು ಡಂಭವೆನಿಸೀತು. ಹುಲ್ಲನ್ನು ಮತ್ತೆ ಮತ್ತೆ ಹೊದಿಸಬೇಕು; ಪ್ರತಿಸಲವೂ ಖರ್ಚು, ಮಳೆಗಾಲದಲ್ಲಿ ಸೋರುವ ಕಾಟ ಬೇರೆ. ತಗಡು ವರ್ಷಾನುಗಟ್ಟಲೆ ಬಾಳುತ್ತದೆ. ಲಾಭ ನಷ್ಟದ ಈ ಲೆಕ್ಕ ಆ ಗುಡಿಸಲಿನ ಒಡತಿಗೆ ಯಾರ ಉಪದೇಶವಿಲ್ಲದೆಯೂ ಗೊತ್ತಿತ್ತು. ಇರಲಿಲ್ಲವಾದದ್ದು ಗಂಟಿನ ಹಣ ಮಾತ್ರ. ಮುಂದೆ ಅದೇ ಪ್ರಾಂತದ ಸಿಯಾಯ ಎಂಬಲ್ಲಿ 10,000ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರು ಕೊಟ್ಟಾಗ, ಹಣ ಪಡೆಯದ ನೆರೆಯವರ ಬದುಕೂ ಚೇತರಿಸಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆಲೆಗಳು ಏರಿದ್ದು ಅತ್ಯಲ್ಪ. ಒಂದು ಮಡಿಗೆ ಹಾಯಿಸಿದ ನೀರಿನ ತೇವ ಪಕ್ಕದ ಮಡಿಗೂ ತಾಗುವುದಿಲ್ಲವೇ?

ನಮ್ಮ ನಾಡಿನಲ್ಲಿಯೂ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಏರ್ಪಾಡಾಯಿತು. ಆಗಲೂ ‘ಬಿಟ್ಟಿ ಹಣ’ ಎಂಬ ಮೂದಲಿಕೆ ಕೇಳಿಬಂತು. ಮೂದಲಿಸುವವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುವುದು ಒಳಿತು. ಪತಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಮರಳಿ ಸುರಿದು ಬರಲು ಹೇಳಿದವಳು ಆ ತಾಯಿ. ಎಷ್ಟು ಸಾಕೆಂಬುದನ್ನು ಅವಳಿಗೆ ಸಿರಿವಂತರು ಕಲಿಸಲಿಲ್ಲ. ಕೊರತೆಯಲ್ಲಿ ಸಂಸಾರ ತೂಗಿಸುವವಳಿಗೆ ಕಾಸಿನ ಬೆಲೆ ಗೊತ್ತು. ಗಂಡನ ಮುಂದೆ ಕೈಯೊಡ್ಡದೆ ಮಗುವಿಗೆ ಔಷಧಿ ತರಬಲ್ಲೆನೆಂಬ ಧೈರ್ಯ ಅವಳಿಗೆ ಬಂದರೆ, ಆ ಮನೆಯಲ್ಲಿ ಮಾತಿನ ತೂಕವೇ ಬದಲಾಗುತ್ತದೆ.

ಹಾಗೆಂದು ಹಣವೇ ಸರ್ವರೋಗಕ್ಕೂ ಮದ್ದಲ್ಲ. ವೈದ್ಯನಿಲ್ಲದ ಊರಿನಲ್ಲಿ ಕೈಯ ದುಡ್ಡು ಕಾಯಿಲೆಯನ್ನು ಗುಣಪಡಿಸದು. ಗುರುವಿಲ್ಲದ ಶಾಲೆಗೆ ಸಮವಸ್ತ್ರ ತೊಟ್ಟು ಹೋಗಿ ಫಲವಿಲ್ಲ. ‘ಹಣ ಕೊಟ್ಟಾಯಿತು, ಇನ್ನು ನಿನ್ನ ಪಾಡು ನಿನಗೆ’ ಎಂದು ಆಳುವವರು ಆಸ್ಪತ್ರೆ ಶಾಲೆಗಳಿಂದ ಕೈತೊಳೆದುಕೊಂಡರೆ ಅದು ದಾನವಲ್ಲ, ವಂಚನೆ. ಕಂತು ಹೊತ್ತಿಗೆ ಸರಿಯಾಗಿ ಬಾರದಿದ್ದರೂ ಅಷ್ಟೇ. ಬರುವುದೆಂದು ನಂಬಿ ಮಾಡಿದ ಸಾಲ ಮತ್ತೆ ಸಾಹುಕಾರನ ಬಾಗಿಲಿಗೇ ಒಯ್ಯುತ್ತದೆ. ಕಾಗದಪತ್ರ ಹೊಂದಿಸಲಾರದ ಕಡುಬಡವರೇ ಪಟ್ಟಿಯಿಂದ ಹೊರಗುಳಿದರೆ ಉದ್ದೇಶವೇ ತಲೆಕೆಳಗು.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವುದು ಕೊಡುವವನ ಅಂತರಂಗದ ಪ್ರಶ್ನೆ. ವಸ್ತುವನ್ನು ಕೊಡುವವನು ಆಯ್ಕೆಯ ಅಧಿಕಾರವನ್ನು ತನ್ನಲ್ಲಿಯೇ ಉಳಿಸಿಕೊಳ್ಳುತ್ತಾನೆ. ಹಣ ಕೊಡುವವನು ಅದನ್ನೂ ಒಪ್ಪಿಸಿಬಿಡಬೇಕು. ಆದುದರಿಂದಲೇ ಅದು ಕಷ್ಟ. ಹಣ ಬಿಡಬಹುದು, ‘ನಾನು ತಿಳಿದವನು’ ಎಂಬ ಹಮ್ಮು ಬಿಡುವುದು ಸುಲಭವಲ್ಲ. ದಾಸೋಹವನ್ನು ದಾನದಿಂದ ಬೇರ್ಪಡಿಸುವ ಗೆರೆ ಇದೇ: ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ, ದಾಸೋಹದಲ್ಲಿ ಕೊಡುವವನೇ ದಾಸ. ಪಡೆದವರಲ್ಲಿ ಒಬ್ಬಿಬ್ಬರು ಎಡವಬಹುದು. ಉಳ್ಳವರಲ್ಲಿ ಎಡವದವರು ಎಷ್ಟು ಮಂದಿ? ತನ್ನ ಬಾಳಿನ ಲೆಕ್ಕವನ್ನು ತಾನೇ ಹಾಕಬಲ್ಲನೆಂದು ನಂಬಿ ಕೊಡುವುದೇ ಬಡವನಿಗೆ ನಾವು ಸಲ್ಲಿಸಬಹುದಾದ ಮೊದಲ ಗೌರವ.